ಎಳೆಯ ಮಕ್ಕಳೂ ಆಟವಾಡುವ ಚಿತ್ರಪುಸ್ತಕಗಳೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತನಾಡುವುದು ನಮ್ಮಂತಹ ಕನ್ನಡ ಪಂಡಿತರ ರೂಢಿ. ಈ ಸಲ ಕಾರ್ಯದರ್ಶಿಗಳು ವಿಷಯವೇನೆಂದು ಕೇಳಿದಾಗ, ಮೂರರಿಂದ ಆರು ವರ್ಷದ ಮಕ್ಕಳ ಚಿತ್ರಪುಸ್ತಕಗಳು ಎಂದೆವು. ಅವರು ಕ್ಷಣಕಾಲ ಸುಮ್ಮನಿದ್ದು, "ಗುರುಗಳು ತಮಾಷೆ ಮಾಡುತ್ತಿಲ್ಲವಷ್ಟೆ?" ಎಂದರು. ವಿಷಯವು ತಮಾಷೆಯದೇ ಹೌದು. ಆದರೆ ನಾವು ತಮಾಷೆಗಾಗಿ ಹೇಳಿದುದಲ್ಲ.

ಮ್ಹಾಪಸಾದ ಶುಕ್ರವಾರದ ಸಂತೆಯನ್ನು ತಾವೆಲ್ಲರೂ ಬಲ್ಲಿರಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ತಾಯಂದಿರು ಅಲ್ಲಿ ಬುಟ್ಟಿಗಳ ಹಿಂದೆ ಕುಳಿತಿರುತ್ತಾರೆ. ಮಕ್ಕಳು ಬುಟ್ಟಿಗಳ ನಡುವೆ ಆಡುತ್ತಿರುತ್ತವೆ. "ಬಾ ಇಲ್ಲಿ", "ಮುಟ್ಟಬ್ಯಾಡ", "ಉಣ್ಣು ಬಾ" ಎಂದು ತಾಯಿ ಕನ್ನಡದಲ್ಲಿ ಕೂಗುತ್ತಾಳೆ. "ಮ್ಹಾಕಾ ನಾಕಾ" ಎಂದು ಮಗು ಕೊಂಕಣಿಯಲ್ಲಿ ಉತ್ತರ ಕೊಟ್ಟು ಗೆಳೆಯರ ಬಳಿಗೆ ಓಡುತ್ತದೆ.

ಮಗು ಕೊಂಕಣಿಯಾಡಿತೆಂದು ನಾವು ಮರುಗುವವರಲ್ಲ. ಕನ್ನಡದ ಶಿಶುಸಾಹಿತ್ಯಕ್ಕೆ ಅಡಿಪಾಯ ಹಾಕಿದ ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿಯೇ ಆಗಿತ್ತು. ನೆಲದ ನುಡಿಯನ್ನು ಕಲಿಯುವುದು ಬಾಳುವೆಯ ಧರ್ಮ. ನಮ್ಮನ್ನು ಕಾಡುವ ಸಂಗತಿ ಬೇರೆ. ಆ ಮಗುವಿನ ಕಿವಿಗೆ ಕನ್ನಡದಲ್ಲಿ ಬೀಳುವುದೆಲ್ಲ ಅಪ್ಪಣೆ, ಗದರಿಕೆ. ಶಾಲೆಗೆ ಬಂದರೆ ಕಾಗುಣಿತ. ರಾಜ್ಯೋತ್ಸವ ಬಂದರೆ ನಮ್ಮಂತಹವರ ಭಾಷಣ. ನಗೆ, ಚೇಷ್ಟೆ, ಸುಳ್ಳಾಟ, ಜಗಳ, ಇವೆಲ್ಲ ಕೊಂಕಣಿಗೆ ಅಥವಾ ಹಿಂದಿಗೆ ಸಂದುಹೋಗಿವೆ. ರಜೆಯ ಅರ್ಜಿಯನ್ನು ಒಂದು ತಪ್ಪೂ ಇಲ್ಲದೆ ಕನ್ನಡದಲ್ಲಿ ಬರೆಯಬಲ್ಲ ಹುಡುಗರು ನಮ್ಮ ತರಗತಿಯಲ್ಲಿದ್ದಾರೆ. ಒಂದು ನಗೆಮಾತನ್ನು ಕನ್ನಡದಲ್ಲಿ ಹೇಳೆಂದರೆ ತಲೆ ತಗ್ಗಿಸುತ್ತಾರೆ. ನಗಲು ಬಾರದ ನುಡಿಯನ್ನು ಅವರು ತಮ್ಮ ಮಕ್ಕಳಿಗೆ ಏಕೆ ದಾಟಿಸಿಯಾರು?

ಇಲ್ಲಿಯೇ ಚಿತ್ರಪುಸ್ತಕವು ನಮ್ಮ ನೆರವಿಗೆ ಬರುವುದು. ಎಲ್ಲ ಚಿತ್ರಪುಸ್ತಕಗಳೂ ಅಲ್ಲ. 'ಅ' ಅಕ್ಷರದ ಪಕ್ಕದಲ್ಲಿ ಅಳಿಲನ್ನು ಕೂರಿಸುವ ಪುಸ್ತಕಕ್ಕೆ ಅದರದೇ ಉಪಯೋಗವಿದೆ, ಅದು ಪಾಠ. ನಾವು ಹೇಳಹೊರಟಿರುವುದು ತಾನೊಂದು ಪುಸ್ತಕವೆಂಬುದನ್ನು ತಾನೇ ಅರಿತು ಓದುವವರೊಡನೆ ಆಟ ಹೂಡುವ ಪುಸ್ತಕಗಳನ್ನು ಕುರಿತು.

ಉದಾಹರಣೆಗೆ ಜಾನ್ ಸ್ಟೋನ್ ಎಂಬುವರು ಅಮೆರಿಕೆಯಲ್ಲಿ 1971ರಲ್ಲಿ ಬರೆದ 'ದಿ ಮಾನ್‌ಸ್ಟರ್ ಅಟ್ ದಿ ಎಂಡ್ ಆಫ್ ದಿಸ್ ಬುಕ್' ಎಂಬ ಪುಸ್ತಕವಿದೆ. ಕೊನೆಯ ಪುಟದಲ್ಲಿ ಒಂದು ಭೂತವಿದೆಯೆಂದು ಹೆದರಿದ ಗ್ರೋವರ್ ಎಂಬ ಪ್ರಾಣಿಯು ಪುಟ ತಿರುವಬೇಡಿರೆಂದು ನಮ್ಮನ್ನೇ ಅಂಗಲಾಚುತ್ತದೆ. ಹಗ್ಗದಿಂದ ಪುಟಗಳನ್ನು ಕಟ್ಟುತ್ತದೆ. ಇಟ್ಟಿಗೆಯ ಗೋಡೆಯನ್ನೂ ಕಟ್ಟುತ್ತದೆ. ಮಗುವಿನ ಕಿರುಬೆರಳೊಂದು ಪುಟವನ್ನು ತಿರುವಿದೊಡನೆ ಗೋಡೆ ಉರುಳಿಬೀಳುತ್ತದೆ. ಕೊನೆಗೆ ನೋಡಿದರೆ ಆ ಭೂತ ಗ್ರೋವರನೇ! ಫ್ರಾನ್ಸಿನ ಹೆರ್ವೆ ತುಲೆ ಎಂಬುವರ 2010ರ ಪುಸ್ತಕದಲ್ಲಿ ಇರುವುದು ಬರಿಯ ಚುಕ್ಕೆಗಳು. ಹಳದಿ ಚುಕ್ಕೆಯನ್ನು ಒತ್ತು ಎನ್ನುತ್ತದೆ ಪುಸ್ತಕ. ಒತ್ತಿ ಪುಟ ತಿರುವಿದರೆ ಚುಕ್ಕೆ ಎರಡಾಗಿರುತ್ತದೆ. ಪುಸ್ತಕವನ್ನು ಓರೆ ಮಾಡಿದರೆ ಮುಂದಿನ ಪುಟದಲ್ಲಿ ಚುಕ್ಕೆಗಳೆಲ್ಲ ಒಂದು ಕಡೆಗೆ ಜಾರಿರುತ್ತವೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಇರುವುದು ಕಾಗದವೂ ಮಗುವಿನ ನಂಬಿಕೆಯೂ.

ಇದೆಲ್ಲ ಪರದೇಶದ ಸರಕು ಎನ್ನುವವರಿಗೆ ನಮ್ಮ ದೊಡ್ಡಾಟವನ್ನು ನೆನಪಿಸುತ್ತೇವೆ. ಮೀಸೆ ತಿರುವುತ್ತ ಕಿರೀಟಧಾರಿಯಾದ ರಾಜನು ರಂಗಕ್ಕೆ ಬಂದೊಡನೆ ಸಾರಥಿಯು ಅಡ್ಡ ನಿಂತು, ತಾವು ಯಾರು, ಯಾವ ಊರಿನವರು, ಇಲ್ಲಿಗೇಕೆ ದಯಮಾಡಿಸಿದಿರಿ ಎಂದು ವಿಚಾರಿಸುವುದಿಲ್ಲವೆ? ಆಟವು ತಾನು ಆಟವೆಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಡದಿದ್ದರೂ ರಾಜನ ಗತ್ತಿಗೆ ಕುಂದಿಲ್ಲ. ಅಜ್ಜಿಯ ಮುಗಿಯದ ಕತೆಯೂ ಇದೇ ಜಾತಿಯದು. ಕಣಜಕ್ಕೊಂದು ತೂತು, ಒಂದು ಗುಬ್ಬಿ ಒಳಹೊಕ್ಕು ಒಂದು ಕಾಳನ್ನು ಒಯ್ಯುತ್ತದೆ, ಬಳಿಕ ಇನ್ನೊಂದು ಗುಬ್ಬಿ, ಇನ್ನೊಂದು ಕಾಳು. ಮುಂದೇನಾಯಿತೆಂದು ಕೇಳಿದರೆ, ಗುಬ್ಬಿಗಳು ಇನ್ನೂ ಮುಗಿದಿಲ್ಲವಲ್ಲ ಎನ್ನುವಳು ಅಜ್ಜಿ. ಕತೆ ಹೇಳುವುದನ್ನೇ ಕತೆ ಮಾಡಿ ನಗುವ ಜಾಣ್ಮೆ ಅವಳದು. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕತೆಗಳಲ್ಲಿ, ತನ್ನನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಳೆಂದು ಒಬ್ಬಾಕೆಯ ಮೇಲೆ ಸೇಡು ತೀರಿಸಿಕೊಳ್ಳುವ ಕತೆಯೇ ಒಂದಿದೆ. ಗಿರೀಶ ಕಾರ್ನಾಡರು 'ನಾಗಮಂಡಲ'ದಲ್ಲಿ ಅದೇ ಕತೆಯನ್ನು ಹೆಣ್ಣಿನ ರೂಪದಲ್ಲಿ ರಂಗಕ್ಕೆ ತಂದರು. ಆದುದರಿಂದ ಈ ಬಗೆಯ ಆಟ ನಮ್ಮ ಮನೆಗೆ ಹೊಸ ನೆಂಟನಲ್ಲ. ಅಂಗಳದಲ್ಲಿದ್ದುದು ಈಗ ಪುಟಕ್ಕೆ ಬಂದಿದೆ, ಅಷ್ಟೆ.

ಇನ್ನು ನಮ್ಮ ಸ್ವಂತ ಅನುಭವವನ್ನು ಅರಿಕೆ ಮಾಡಿಕೊಳ್ಳಬೇಕು. ಅದು ಮೊದಲು ಅಪಜಯದ ಕತೆ. ನೆರೆಮನೆಯ ಐದು ವರ್ಷದ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಒಳ್ಳೆಯ ಚಿತ್ರಪುಸ್ತಕವನ್ನು ಬಿಡಿಸಿದೆವು. ವಿದ್ವತ್ತೆಂಬುದು ಸುಮ್ಮನೆ ಕೂರುವ ವಸ್ತುವಲ್ಲವಷ್ಟೆ! ಮೊದಲ ಪುಟದಲ್ಲೇ "ಇದು ಯಾವ ಅಕ್ಷರ? ಇದರ ಒತ್ತು ಯಾವುದು?" ಎಂದು ಕೇಳಿದೆವು. ಎರಡನೆಯ ಪುಟದಲ್ಲಿ ನೀತಿಯನ್ನು ವಿವರಿಸಿದೆವು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮಗುವು ಬಹಳ ಮರ್ಯಾದೆಯಿಂದ ಪುಸ್ತಕವನ್ನು ಮುಚ್ಚಿ, ನಮ್ಮ ಕೈಗಿತ್ತು, ಹೊರಟುಹೋಯಿತು. ಇಪ್ಪತ್ತು ವರ್ಷಗಳಿಗೂ ಮಿಕ್ಕು ಪಾಠ ಹೇಳಿದವರಿಗೆ ಇದಕ್ಕಿಂತ ಸ್ಪಷ್ಟವಾದ ವಿಮರ್ಶೆ ದೊರೆತಿರಲಿಲ್ಲ.

ಕೆಲವು ದಿನಗಳ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿನ ಮೇಲೆ ನಾವೇ ಒಂದು ಪುಸ್ತಕವನ್ನು ಬರೆದೆವು. ಚಿತ್ರಕಲೆ ನಮಗೆ ಒಲಿದುದಲ್ಲ. ಕಾಗೆಯನ್ನು ಬಿಡಿಸಿದರೆ ಅದು ಕಪ್ಪು ಬದನೆಕಾಯಿಯಂತಾಯಿತು. ಕೊಕ್ಕು ಸರಿಹೋಗದೆ ಬಿಟ್ಟೇಬಿಟ್ಟೆವು. ಆ ಕೊರತೆಯನ್ನೇ ಕತೆ ಮಾಡಿ ಕೆಳಗೆ ಬರೆದೆವು: 'ನನ್ನನ್ನು ಬರೆದವರಿಗೆ ಚಿತ್ರ ಬರುವುದಿಲ್ಲ. ಕೊಕ್ಕು ಬರೆದುಕೊಡುವವರೆಗೆ ನಾನು ಮುಂದಿನ ಪುಟಕ್ಕೆ ಬರುವುದಿಲ್ಲ.' ಮತ್ತೆ ಆ ಮಗುವನ್ನು ಕರೆದು, ಏನೂ ಕೇಳದೆ, ಕಾಗೆಯ ಮುನಿಸಿನ ದನಿಯಲ್ಲಿ ಇದನ್ನು ಓದಿ ಸುಮ್ಮನಾದೆವು. ಮಗು ಚಿತ್ರವನ್ನು ನೋಡಿತು, ನಮ್ಮನ್ನು ನೋಡಿತು. ಬಳಿಕ, "ಕಾಕಾ, ಕೊಕ್ಕ ಇಲ್ಲಂದ್ರ ಅದು ಹೆಂಗ ಮಾತಾಡ್ತೈತಿ?" ಎಂದು ಕೇಳಿ ಬಿದ್ದು ಬಿದ್ದು ನಕ್ಕಿತು.

ಮಹನೀಯರೇ, ಯಾವಾಗಲೂ ನಮಗೆ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಅವಳು. ನಮ್ಮ ತಪ್ಪನ್ನು ಹಿಡಿಯುವ ಆತುರದಲ್ಲಿ ಅವಳ ನಾಲಗೆಗೆ ಬಂದುದು ತಾಯಿಯ ಕನ್ನಡ. ಪುಸ್ತಕವನ್ನು ಬರೆದವರಿಗಿಂತ ತಾನು ಜಾಣೆ ಎಂದು ಆ ಮಗುವಿಗೆ ತಿಳಿದುಹೋಯಿತು. ಇಂತಹ ಪುಸ್ತಕಗಳ ಗುಟ್ಟೆಲ್ಲ ಇಲ್ಲಿದೆಯೆಂದು ನಮ್ಮ ಭಾವನೆ. ದೊಡ್ಡವರು ಪೆದ್ದರಾಗಬೇಕು, ಮಗು ತಿದ್ದಬೇಕು, ತಿದ್ದಬೇಕಾದರೆ ಮಾತನಾಡಲೇಬೇಕು.

ಆದುದರಿಂದ ಓದಿಹೇಳುವವರಲ್ಲಿ ಒಂದು ವಿನಂತಿ. ನಗೆಯನ್ನು ವಿವರಿಸಬೇಡಿರಿ. ಪುಟ ತಿರುವುವ ಮುನ್ನ ತುಸು ತಡೆಯಿರಿ. ಆ ತಡೆಯಲ್ಲಿಯೇ ಮಗುವಿನ ಬಾಯಿ ತೆರೆಯುವುದು. ಅದು ಅದೇ ಪುಸ್ತಕವನ್ನು ಹತ್ತನೆಯ ಸಲ ತಂದರೆ ಬೇಸರಪಡದೆ ಹತ್ತನೆಯ ಸಲವೂ ಬೆಚ್ಚಿಬೀಳಿರಿ. ಗ್ರಾಂಥಿಕ ವಾಕ್ಯವನ್ನು ನಿಮ್ಮ ಊರಿನ ಮಾತಿಗೆ ತಿರುಗಿಸಿಕೊಂಡು ಓದಿದರೆ ತಪ್ಪೇನೂ ಇಲ್ಲ. 'ಬರುವುದಿಲ್ಲ' ಎಂಬುದು 'ಬರಾಂಗಿಲ್ಲ' ಆದರೆ ಕಾಗೆ ಬೇಡವೆನ್ನದು. ವಿದ್ವಾನರಾದ ನಾವೂ ಬೇಡವೆನ್ನೆವು.

"ನನಗ ಓದಾಕ ಬರೂದಿಲ್ರಿ" ಎಂದು ಸಂಕೋಚದಿಂದ ಹಿಂದೆ ಸರಿಯುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಎಂಬಾಕೆ 1968ರಲ್ಲಿ ಪ್ರಕಟಿಸಿದ 'ರೋಸೀಸ್ ವಾಕ್' ಎಂಬ ಪುಸ್ತಕದಲ್ಲಿ ಕೋಳಿಯೊಂದು ಅಂಗಳ, ಕೊಳ, ಬಣವೆಗಳನ್ನು ಸುತ್ತಿ ಊಟದ ಹೊತ್ತಿಗೆ ಮನೆಗೆ ಮರಳಿತೆಂದಷ್ಟೇ ಅಕ್ಷರಗಳಲ್ಲಿ ಬರೆದಿದೆ. ಚಿತ್ರದಲ್ಲಾದರೋ ನರಿಯೊಂದು ಉದ್ದಕ್ಕೂ ಅದರ ಬೆನ್ನು ಹತ್ತಿ, ಒಮ್ಮೆ ನೀರಿಗೆ ಬಿದ್ದು, ಒಮ್ಮೆ ಹಿಟ್ಟಿನಲ್ಲಿ ಮುಳುಗಿ, ಕೊನೆಗೆ ಜೇನುಹುಳಗಳ ಕೈಗೆ ಸಿಕ್ಕಿ ಓಡುತ್ತದೆ. ನರಿಯೆಂಬ ಮಾತು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ! ಅಕ್ಷರ ಬಲ್ಲವನು ಅಕ್ಷರವನ್ನೇ ನೆಚ್ಚಿದರೆ ಕತೆಯನ್ನು ಕಳೆದುಕೊಳ್ಳುತ್ತಾನೆ. ಅಕ್ಷರ ಬಾರದ ತಾಯಿಯೂ ಮಗುವೂ ಅದನ್ನು ಪೂರ್ತಿಯಾಗಿ ಓದುತ್ತಾರೆ. ಅಂತಹ ಪುಸ್ತಕವನ್ನು ಹಿಡಿದು ಕುಳಿತ ತಾಯಿ ತಾನು ಕಂಡುದನ್ನು ತನ್ನ ಕನ್ನಡದಲ್ಲಿ ಹೇಳಿದರೆ ಅದೇ ಓದು.

ಪುಸ್ತಕಗಳನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ಸಹಜ. ಬೆಂಗಳೂರಿನಲ್ಲಿ 2004ರಲ್ಲಿ ಪ್ರಾರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳನ್ನು ಹೊರತಂದಿದೆ. 2015ರಿಂದ ಅದರ 'ಸ್ಟೋರಿವೀವರ್' ತಾಣದಲ್ಲಿ ಅನೇಕ ಕತೆಗಳನ್ನು ಬೆಲೆಯಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಚೆನ್ನೈಯ ತೂಲಿಕಾ ಪ್ರಕಾಶನವೂ ಕನ್ನಡದಲ್ಲಿ ಚಿತ್ರಪುಸ್ತಕಗಳನ್ನು ತಂದಿದೆ. ಆರಿಸುವಾಗ ಹೊದಿಕೆಯ ಹೊಳಪನ್ನು ನೋಡಬೇಡಿರಿ. ಒಂದು ಪುಟವನ್ನು ಮಗುವಿನ ಮುಂದೆ ಬಿಡಿಸಿ ಅದು ಏನನ್ನಾದರೂ ಹೇಳುವುದೋ ಎಂದು ನೋಡಿರಿ. ನಮ್ಮ ಸಂಘವು ಪ್ರತಿವರ್ಷ ಹಾರ ತುರಾಯಿಗಳಿಗೆ ವೆಚ್ಚ ಮಾಡುವ ಹಣದಲ್ಲಿ ಒಂದು ಪೆಟ್ಟಿಗೆಯ ತುಂಬ ಪುಸ್ತಕಗಳು ಬಂದಾವು. ಇಂದು ನಮ್ಮ ಕೊರಳಿಗೂ ಹಾರ ಬಿದ್ದಿರುವುದರಿಂದ ಈ ಮಾತನ್ನು ಬೆಳೆಸುವ ಅಧಿಕಾರ ನಮಗಿಲ್ಲ. ಆ ಪೆಟ್ಟಿಗೆಯನ್ನು ಶುಕ್ರವಾರ ಸಂತೆಗೆ ಒಯ್ದು, ಬುಟ್ಟಿಗಳ ನಡುವೆ ಒಂದು ಚಾಪೆ ಹಾಸಿ ಕುಳಿತುಕೊಳ್ಳಲು ಇಬ್ಬರು ತರುಣರು ಮುಂದೆ ಬಂದರೆ ಮೂರನೆಯವರಾಗಿ ನಾವಿದ್ದೇವೆ.

ಕ್ಯಾಲೆಂಡರಿನ ಕಾಗೆಯನ್ನು ಜೊತೆಗೆ ತಂದಿದ್ದೇವೆ. ಹಿಂದಿನ ಮೇಜಿನ ಮೇಲಿದೆ. ಇದುವರೆಗೆ ಮೂವರು ಮಕ್ಕಳು ಅದಕ್ಕೆ ಮೂರು ಕೊಕ್ಕುಗಳನ್ನು ಬರೆದಿದ್ದಾರೆ; ಒಂದು ಗಿಳಿಯದು, ಒಂದು ಬಾತುಕೋಳಿಯದು, ಇನ್ನೊಂದು ಯಾವುದರದೆಂದು ಬರೆದವನೇ ಹೇಳಲೊಲ್ಲ. ಪಕ್ಕದಲ್ಲಿ ಪೆನ್ಸಿಲನ್ನೂ ಇಟ್ಟಿದ್ದೇವೆ. ಅಧ್ಯಕ್ಷರ ಅಪ್ಪಣೆಯಾದರೆ ಮಕ್ಕಳು ಈಗ ಅತ್ತ ಹೋಗಬಹುದು.