ಭಾನುವಾರದ ಮೋಗ್ಲಿ

ಕಳೆದ ತಿಂಗಳು, ದೂರದ ಊರಿನಲ್ಲಿರುವ ನನ್ನ ಮಗಳು ದೂರವಾಣಿಯಲ್ಲಿ ಮಾತನಾಡುತ್ತಿದ್ದಾಗ, ಅವಳ ಅಡುಗೆಮನೆಯಿಂದ ಹಾಡೊಂದು ಕೇಳಿಬಂದಿತು. ಮೂವತ್ತು ವರ್ಷಗಳಿಗೂ ಹಿಂದೆ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೇಳುತ್ತಿದ್ದ ಹಾಡು ಅದು. “ಏನಮ್ಮಾ, ಇನ್ನೂ ಮೋಗ್ಲಿಯೆ?” ಎಂದೆ. “ಇವತ್ತು ಭಾನುವಾರ ಅಲ್ವೇನಪ್ಪಾ?” ಎಂದಳು. ನಲವತ್ತರ ಗೃಹಿಣಿ ಆಡಿದ ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು.

ತೋಳಗಳ ನಡುವೆ ಬೆಳೆದ ಬಾಲಕ ಮೋಗ್ಲಿಯನ್ನು ಸೃಷ್ಟಿಸಿದವನು 1865ರಲ್ಲಿ ಮುಂಬಯಿಯಲ್ಲಿ ಜನಿಸಿದ ಆಂಗ್ಲ ಲೇಖಕ ಕಿಪ್ಲಿಂಗ್. ಅವನ ‘ಜಂಗಲ್ ಬುಕ್’ 1894ರಲ್ಲಿ ಪ್ರಕಟವಾಯಿತು. 1989ರಲ್ಲಿ ಜಪಾನಿನ ಚಿತ್ರಕಾರರು ಅದನ್ನು ಚಲಿಸುವ ಚಿತ್ರಗಳ 52 ಕಂತುಗಳ ಮಾಲಿಕೆಯಾಗಿ ತಂದರು. 1993ರಲ್ಲಿ ಅದು ಹಿಂದಿ ಮಾತಿನೊಡನೆ ನಮ್ಮ ದೂರದರ್ಶನಕ್ಕೆ ಬಂದಿತು. ಗುಲ್ಜಾರರು ಬರೆದ ಗೀತೆಗೆ ವಿಶಾಲ್ ಭಾರದ್ವಾಜರು ಸಂಗೀತ ಒದಗಿಸಿದ್ದರು. ಹೀಗೆ ಹಲವು ನಾಡುಗಳನ್ನು ಸುತ್ತಿ ಬಂದ ಬಾಲಕ ಕನ್ನಡದ ಮಕ್ಕಳಿಗೂ ಗೆಳೆಯನಾದ.

ನನ್ನ ಮಕ್ಕಳಿಗೆ ಆಗ ಹಿಂದಿ ಅಷ್ಟಾಗಿ ಬಾರದು. ಎಂಟು ವರ್ಷದ ಮಗಳು ಐದು ವರ್ಷದ ತಮ್ಮನಿಗೆ ಎಲ್ಲವನ್ನೂ ಕನ್ನಡದಲ್ಲಿ ವಿವರಿಸುತ್ತಿದ್ದಳು. ತಿಳಿಯದ ಕಡೆ ತಾನೇ ಕಥೆ ಕಟ್ಟುತ್ತಿದ್ದಳು. ಹುಲಿ ಶೇರ್‌ಖಾನನ ಬಾಯಲ್ಲಿ ಅವಳು ಇಡುತ್ತಿದ್ದುದು ಬಹುಮಟ್ಟಿಗೆ ನನ್ನ ಗದರಿಕೆಯ ಮಾತುಗಳನ್ನೇ! ಚಿತ್ರ ನಡುಗಿದರೆ ಪಕ್ಕದ ಮನೆಯ ಹುಡುಗ ಮಾಳಿಗೆಗೆ ಓಡಿ ಆಂಟೆನಾ ತಿರುಗಿಸುತ್ತಿದ್ದ. ವಿದ್ಯುತ್ತು ಕೈಕೊಟ್ಟರೆ ಅಂದಿನ ಕಂತು ಹೋದಂತೆಯೇ; ಮುಂದಿನ ವಾರದವರೆಗೂ ಕೇರಿಯ ಮಕ್ಕಳೆಲ್ಲ ಊಹೆಯಿಂದಲೇ ಅದನ್ನು ತುಂಬಿಕೊಳ್ಳಬೇಕಾಗಿತ್ತು.

ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ? ಒಳಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ, “ಸದ್ದು ಕಡಿಮೆ ಮಾಡಿ” ಎಂದು ಕೂಗುತ್ತಿದ್ದೆ. ಕಾಡಿನ ಕಥೆ ಬೇಕಾದರೆ ಪುಸ್ತಕ ಓದಲಿ ಎಂಬುದು ನನ್ನ ಅಭಿಮತವಾಗಿತ್ತು.

1995ರಲ್ಲಿ ಕಾರ್ಟೂನಿಗೆಂದೇ ಮೀಸಲಾದ ವಾಹಿನಿ ನಮ್ಮ ದೇಶಕ್ಕೆ ಬಂದಿತು. ಇಂದು ಬೇಕೆಂದಾಗ ಬೇಕಾದ ಚಿತ್ರ ಅಂಗೈಯಲ್ಲೇ ದೊರೆಯುತ್ತದೆ. ಆದರೂ ಮಗಳು ಭಾನುವಾರಕ್ಕಾಗಿಯೇ ಕಾಯುತ್ತಾಳೆ. ಅವಳ ಮಗನೋ, ಈ ಚಿತ್ರ ಬಹಳ ನಿಧಾನವೆಂದು ಎದ್ದು ಹೋಗುತ್ತಾನಂತೆ.

ನಮ್ಮ ಆಲಂಕಾರಿಕರು ಸ್ಮೃತಿಯನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದೆಂದು ಎಣಿಸಿದ್ದಾರೆ. ಅದು ಬಂದು ಹೋಗುವ ಭಾವ. ಒಳಗಿರುವ ಸ್ಥಾಯಿಯನ್ನು ಪೋಷಿಸುವುದು ಅದರ ಕೆಲಸ. ಮೋಗ್ಲಿಯ ನೆನಪೂ ಅಂಥದೇ ಎಂದು ನನಗೆ ತೋರುತ್ತದೆ. ಅದರ ಕೆಳಗೆ ನಿಂತಿರುವುದು ತಮ್ಮನ ಮೇಲಿನ ಅಕ್ಕರೆ, ಕೇರಿಯ ಗೆಳೆತನ, ಒಟ್ಟಿಗೆ ಕಾದ ಒಂದು ವಾರದ ಸವಿ. ಹಳೆಯ ಚಿತ್ರಗಳ ಹಂಬಲವನ್ನು ಬಾಲಿಶವೆಂದು ನಗುವವರು ಈ ಸ್ಥಾಯಿಯನ್ನು ಕಾಣರು. ನಾನೂ ಅಂದು ಕಾಣಲಿಲ್ಲ.

ಮೊನ್ನೆ ಭಾನುವಾರ ನಾನೊಬ್ಬನೇ ಕುಳಿತು ಮೊದಲ ಕಂತನ್ನು ನೋಡಿದೆ. ಹಿಂದಿ ಚೆನ್ನಾಗಿಯೇ ಅರ್ಥವಾಯಿತು. ಕನ್ನಡದಲ್ಲಿ ಹೇಳುವವರು ಪಕ್ಕದಲ್ಲಿರಲಿಲ್ಲ. ಸಂಜೆ ಮಗಳಿಗೆ ಈ ವಿಷಯ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ವಾರ ಫೋನು ಮಾಡಿ ಅಪ್ಪಾ, ಎರಡನೆಯದನ್ನು ಒಟ್ಟಿಗೇ ನೋಡೋಣ” ಎಂದಳು.

ನಿಮ್ಮ ಮನೆಯ ಮಕ್ಕಳು ಇಂದು ಏನನ್ನೇ ನೋಡುತ್ತಿರಲಿ, ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಉತ್ತರಪತ್ರಿಕೆಗಳು ಕಾಯುತ್ತವೆ.