ಪಾತಾಳಕ್ಕೆ ಬಿದ್ದ ಹುಡುಗಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಸಂಘಟಕರು ನನಗೆ ಫೋನ್ ಮಾಡಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ಅವಕಾಶಗಳ ಬಗ್ಗೆ ಮಾತನಾಡಬೇಕು ಎಂದರು. ಅದಕ್ಕೆ ಯೂಟ್ಯೂಬ್ ಇದೆ, ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನಾನು ಒಂದು ಮಕ್ಕಳ ಪುಸ್ತಕದ ಬಗ್ಗೆ ಮಾತನಾಡಲೇ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಆಯ್ತ್ರಿ, ಖರೆ ಹದಿನೈದು ನಿಮಿಷದಾಗ ಮುಗಸ್ರಿ" ಎಂದರು.

ನಾನು ಎಂಟನೇ ತರಗತಿಯಲ್ಲಿದ್ದಾಗ ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ನಮ್ಮ ಕನ್ನಡ ಸರ್ ಪುಸ್ತಕದ ಕಪಾಟು ತೆಗೆಯುತ್ತಿದ್ದರು. ಪುಸ್ತಕಗಳನ್ನು ಜಮಖಾನೆಯ ಮೇಲೆ ಹರಡುತ್ತಿದ್ದರು. ಯಾರು ಬೇಕಾದರೂ ಒಂದು ತೆಗೆದುಕೊಳ್ಳಬಹುದು, ಆದರೆ ಮುಂದಿನ ಶನಿವಾರ ಎದ್ದು ನಿಂತು ಆ ಕಥೆ ಹೇಳಬೇಕು. ಹೀಗಾಗಿ ನಾವು ಹುಡುಗರು ತೆಳ್ಳಗಿನ ಪುಸ್ತಕಗಳಿಗೇ ಕೈ ಹಾಕುತ್ತಿದ್ದೆವು. ನನಗೆ ಸಿಕ್ಕದ್ದು ರಟ್ಟು ಹರಿದುಹೋಗಿದ್ದ ಒಂದು ಸಂಕ್ಷಿಪ್ತ ಕನ್ನಡ ರೂಪ. ಆಲಿಸ್ ಎಂಬ ಹುಡುಗಿ ಗಡಿಯಾರ ಹಿಡಿದು ಓಡುವ ಬಿಳಿ ಮೊಲದ ಬೆನ್ನು ಹತ್ತಿ ಬಿಲದೊಳಗೆ ಬೀಳುತ್ತಾಳೆ. ಬೀಳುತ್ತಾಳೆ, ಬೀಳುತ್ತಲೇ ಇರುತ್ತಾಳೆ. ನಾನು ಕಥೆ ಹೇಳುವಾಗ ಒಬ್ಬ ಕೇಳಿದ: "ಎಷ್ಟು ಆಳ ಇತ್ತೋ?" ನಾನು, "ನೌಬಾದಿನ ಸುರಂಗ ಬಾವಿ ಅದಲ್ಲ, ಅದಕ್ಕಿಂತ ಆಳ" ಎಂದೆ. ಎಲ್ಲರಿಗೂ ಕೂಡಲೇ ತಿಳಿಯಿತು. ಆಗಲೇ ಮೇಲೆ ಏರ್‌ಫೋರ್ಸ್ ವಿಮಾನಗಳು ಹೋದವು. ನಮ್ಮೂರಿನಲ್ಲಿ ಕಲಿತವರಿಗೆ ಗೊತ್ತು, ವಿಮಾನ ಹೋಗುವವರೆಗೆ ಪಾಠ ನಿಲ್ಲುತ್ತದೆ. ಆಲಿಸ್ ಅಷ್ಟು ಹೊತ್ತು ಬಿಲದ ನಡುವೆಯೇ ನಿಂತಿದ್ದಳು.

ಇಲ್ಲಿಯ ಚಿಕ್ಕವರಿಗಾಗಿ ಒಂದು ಮಾತು. ಸುರಂಗ ಬಾವಿ ಎಂದರೆ ಬರೀ ಬಾವಿಯಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಪದ್ಧತಿಯಂತೆ ಕೆಂಪು ಕಲ್ಲಿನ ನೆಲದೊಳಗೆ ಕೊರೆದ ನೀರಿನ ಕಾಲುವೆ ಅದು. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ. ನಮ್ಮ ಕಾಲಕ್ಕೆ ಹೂಳು ತುಂಬಿ ಮುಚ್ಚಿಹೋಗಿತ್ತು. ಅದರ ಒಳಗಿನಿಂದ ಕೋಟೆಗೆ ದಾರಿ ಇದೆ, ಹಾವಿದೆ, ಹಂಡೆ ತುಂಬ ಬಂಗಾರ ಇದೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಆಲಿಸ್ ಬಿದ್ದ ಜಾಗ ನಮಗೆ ಅಪರಿಚಿತವೇನೂ ಆಗಿರಲಿಲ್ಲ.

ಕಳೆದ ವರ್ಷ ನನ್ನ ಮಗಳಿಗೆ ಓದಿ ಹೇಳಲು ಆ ಪುಸ್ತಕದ ಪೂರ್ತಿ ಇಂಗ್ಲಿಷ್ ಮೂಲ ತಂದೆ. ಅವಳು ಬೆಂಗಳೂರಿನಲ್ಲಿ ಎರಡನೇ ತರಗತಿ. ಒಂದು ಪುಟ ಇಂಗ್ಲಿಷ್‌ನಲ್ಲಿ ಓದುವುದು, ಆಮೇಲೆ ನಮ್ಮ ಬೀದರ್ ಭಾಷೆಯಲ್ಲಿ ಹೇಳುವುದು. ಅವಳು ನಾಲ್ಕನೇ ದಿನಕ್ಕೆ ನಿದ್ದೆ ಹೋದಳು, ನಾನು ಬೆಳಗಿನ ಎರಡು ಗಂಟೆಯವರೆಗೆ ಕೂತು ಮುಗಿಸಿದೆ.

ಬರೆದವರು ಲೂಯಿಸ್ ಕ್ಯಾರಲ್. ಅದು ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಚಾರ್ಲ್ಸ್ ಡಾಜ್‌ಸನ್, ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು. ಮಾತನಾಡುವಾಗ ತೊದಲುತ್ತಿದ್ದರಂತೆ. 1862ರ ಜುಲೈ 4ರಂದು ಮೂವರು ಅಕ್ಕತಂಗಿಯರನ್ನು ದೋಣಿಯಲ್ಲಿ ಕರೆದೊಯ್ಯುವಾಗ ಮಕ್ಕಳು ಕಥೆ ಬೇಕೆಂದು ಹಟ ಮಾಡಿದವು, ಇವರು ಬಾಯಿಗೆ ಬಂದದ್ದು ಹೇಳಿದರು. ನಡುವಿನವಳ ಹೆಸರು ಆಲಿಸ್, ಅವಳಿಗೆ ಆಗ ಹತ್ತು ವರ್ಷ. ಬರೆದುಕೊಡು ಎಂದು ಬೆನ್ನು ಬಿದ್ದವಳೂ ಅವಳೇ. ಪುಸ್ತಕವಾಗಿ ಅಚ್ಚಾದದ್ದು 1865ರಲ್ಲಿ. ಮೊದಲು ಕೈಯಲ್ಲಿ ಬರೆದುಕೊಟ್ಟ ಪ್ರತಿಯ ಹೆಸರಿನಲ್ಲಿ ಅದ್ಭುತ ಲೋಕ ಗಿದ್ಭುತ ಲೋಕ ಇರಲಿಲ್ಲ, ನೆಲದಡಿಯಲ್ಲಿ ಆಲಿಸ್ ಎಂಬರ್ಥದ ಹೆಸರಿತ್ತು. ಕನ್ನಡಕ್ಕೆ ಇದನ್ನು ತಂದವರಲ್ಲಿ ಒಬ್ಬರು ನಾ. ಕಸ್ತೂರಿ. ಮನೆಮಾತು ಮಲಯಾಳಂ, ಮೈಸೂರಿಗೆ ಬಂದು ಕನ್ನಡದ ದೊಡ್ಡ ಹಾಸ್ಯಗಾರರಾದವರು. ಅವರು ಇಟ್ಟ ಹೆಸರು 'ಪಾತಾಳದಲ್ಲಿ ಪಾಪಚ್ಚಿ'. ನೋಡಿ, ಇಂಗ್ಲಿಷಿನ ಮೊದಲ ಹೆಸರಿನ ನೆಲದಡಿ ಕನ್ನಡದಲ್ಲಿ ಪಾತಾಳವಾಗಿ ತಿರುಗಿ ಬಂತು. ಆಲಿಸ್ ಹೋಗಿ ಪಾಪಚ್ಚಿ ಆದಕೂಡಲೇ ಅವಳು ಯಾರದೋ ಮನೆಯ ಹುಡುಗಿ ಅಲ್ಲ, ನಮ್ಮ ಓಣಿಯವಳು.

ಈ ಪುಸ್ತಕದ ಅನುವಾದ ಎಷ್ಟು ಕಷ್ಟ ಎಂಬುದು ಮಗಳಿಗೆ ಹೇಳುವಾಗ ನನಗೇ ತಿಳಿಯಿತು. ಇಲಿಯೊಂದು ತನ್ನ ಕಥೆ ಹೇಳುತ್ತೇನೆ ಎನ್ನುತ್ತದೆ, ಆಲಿಸ್ ಅದರ ಬಾಲ ನೋಡುತ್ತಾಳೆ. ಇಂಗ್ಲಿಷ್‌ನಲ್ಲಿ ಕಥೆಗೂ ಬಾಲಕ್ಕೂ ಒಂದೇ ಉಚ್ಚಾರ. ಕನ್ನಡದಲ್ಲಿ ಏನು ಮಾಡುವುದು? ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಇಲಿ "ಇದು ನನ್ನ ಬಾಲಕಥೆ" ಎನ್ನಲಿ ಎಂದುಕೊಂಡೆ. ಅದು ಹೇಳುವುದು ಬಾಲ್ಯದ ಕಥೆ, ಆಲಿಸ್‌ಗೆ ಕೇಳಿಸುವುದು ಬಾಲದ ಕಥೆ. ಮಗಳು ನಕ್ಕಳು. ಆ ತಿಂಗಳು ಆಫೀಸಿನಲ್ಲಿ ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಖುಷಿಯಾಗಿರಲಿಲ್ಲ.

ಈಗ ಗಣಿತದ ಗುರುಗಳು ಕಿವಿಗೊಡಬೇಕು. ಬಿಲದೊಳಗೆ ಬಿದ್ದ ಮೇಲೆ ಆಲಿಸ್‌ಗೆ ತಾನು ಯಾರೆಂಬುದೇ ಸಂಶಯ ಬಂದು, ಮಗ್ಗಿ ಹೇಳಿ ಪರೀಕ್ಷಿಸಿಕೊಳ್ಳುತ್ತಾಳೆ. ನಾಲ್ಕೈದಲೆ ಹನ್ನೆರಡು, ನಾಲ್ಕಾರಲೆ ಹದಿಮೂರು ಎಂದು ಬರುತ್ತದೆ. ಹೀಗಾದರೆ ಇಪ್ಪತ್ತು ಮುಟ್ಟುವುದೇ ಇಲ್ಲ ಎಂದು ಗಾಬರಿಯಾಗುತ್ತಾಳೆ. ನಾನು ಓದಿದ ಚಿಕ್ಕ ಪುಸ್ತಕದಲ್ಲಿ ಇದು ಇರಲೇ ಇಲ್ಲ. ದೊಡ್ಡವನಾಗಿ ಓದಿದಾಗ ಹುಡುಗಿ ಮಗ್ಗಿ ಮರೆತಿದ್ದಾಳೆ ಎಂದು ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಬರೆದವರು ಗಣಿತದ ಮೇಷ್ಟ್ರು. ಬಲ್ಲವರು ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ನಾವು ಹತ್ತರ ಕಟ್ಟು ಕಟ್ಟಿ ಎಣಿಸುತ್ತೇವೆ. ಬಾಳೆಹಣ್ಣಿನವರು ಹನ್ನೆರಡರ ಕಟ್ಟು, ಹಿಂದೆ ಆಣೆಯ ಲೆಕ್ಕದಲ್ಲಿ ಹದಿನಾರರ ಕಟ್ಟು. ಈಗ ಹದಿನೆಂಟರ ಕಟ್ಟು ಮಾಡಿ ನೋಡಿ. ಇಪ್ಪತ್ತು ಎಂದರೆ ಒಂದು ಕಟ್ಟು, ಮೇಲೆ ಎರಡು. ಒಂದು, ಎರಡು: ಬರೆದರೆ 12. ಮುಂದಿನ ಸಾಲಿಗೆ ಕಟ್ಟಿಗೆ ಮೂರು ಸೇರಿಸಿ, 21ರ ಕಟ್ಟು. 24 ಎಂದರೆ ಒಂದು ಕಟ್ಟು, ಮೇಲೆ ಮೂರು: 13. ಹೀಗೆ ಪ್ರತಿ ಸಾಲಿಗೂ ಮೂರು ಸೇರಿಸುತ್ತಾ ಹೋದರೆ ನಾಲ್ಕು ಹನ್ನೆರಡಲೆ 48ಕ್ಕೆ ಕಟ್ಟು 39, ಮೇಲೆ 9: ಅಂದರೆ 19. ಸರಿ, ಮುಂದಿನದು 20 ಆಗಬೇಕಲ್ಲ? ನಾಲ್ಕು ಹದಿಮೂರಲೆ 52, ಕಟ್ಟು 42. ಒಂದೇ ಕಟ್ಟು, ಮೇಲೆ ಹತ್ತು. ಎರಡು ಕಟ್ಟು ಆಗುವುದಿಲ್ಲ, ಆದ್ದರಿಂದ 20 ಬರುವುದಿಲ್ಲ. ಹುಡುಗಿ ಹೇಳಿದ್ದು ಸರಿ! ಬೆಳಗಿನ ಜಾವ ಕಾಗದದ ಮೇಲೆ ಇದನ್ನು ಮಾಡಿ ನೋಡಿ ನಾನು ಒಬ್ಬನೇ ಚಪ್ಪಾಳೆ ಹೊಡೆದೆ. ಕಂಪ್ಯೂಟರ್ ಎರಡರ ಕಟ್ಟಿನಲ್ಲಿ ಎಣಿಸುತ್ತದೆ ಎಂಬುದನ್ನು ಬಿಇಯಲ್ಲಿ ಒಂದು ಸೆಮಿಸ್ಟರ್ ಕಲಿತಿದ್ದೆ, ಇಷ್ಟು ಸಂತೋಷ ಅಲ್ಲಿ ಸಿಕ್ಕಿರಲಿಲ್ಲ.

ಪುಸ್ತಕದ ಕೊನೆಯ ಭಾಗ, ಆಮೆಯ ಅಳುವು, ಸಮುದ್ರದ ಕುಣಿತ, ನನಗೆ ಸ್ವಲ್ಪ ಎಳೆದಂತೆ ಕಂಡಿತು. ಆದರೆ ಅಲ್ಲೇ ಒಂದು ಶಾಲೆಯ ಮಾತು ಬರುತ್ತದೆ. ಆ ಶಾಲೆಯಲ್ಲಿ ಮೊದಲ ದಿನ ಹತ್ತು ಗಂಟೆ ಪಾಠ, ಮರುದಿನ ಒಂಬತ್ತು, ಹೀಗೆ ದಿನಕ್ಕೊಂದು ಗಂಟೆ ಕಡಿಮೆ. ಹಾಗಾದರೆ ಹನ್ನೊಂದನೇ ದಿನ ರಜೆ. ಎಲ್ಲರೂ ಇಲ್ಲಿಗೆ ನಿಲ್ಲುತ್ತಾರೆ. ಆಲಿಸ್ ನಿಲ್ಲುವುದಿಲ್ಲ, ಹನ್ನೆರಡನೇ ದಿನ ಏನು ಎಂದು ಕೇಳುತ್ತಾಳೆ. ಕೂಡಲೇ ಅಲ್ಲಿದ್ದವರು ಮಾತು ಬದಲಿಸಿಬಿಡುತ್ತಾರೆ. ನಮ್ಮ ಕಂಪನಿಯಲ್ಲಿ ಇಂಥ ಪ್ರಶ್ನೆ ಕೇಳುವುದಕ್ಕೆಂದೇ ಟೆಸ್ಟಿಂಗ್‌ನವರನ್ನು ಇಟ್ಟಿರುತ್ತಾರೆ, ಸಂಬಳ ಕೊಡುತ್ತಾರೆ. ಹನ್ನೆರಡನೇ ದಿನ ಮೈನಸ್ ಒಂದು ಗಂಟೆ. ಅಂದರೆ ಒಂದು ಗಂಟೆ ಮಕ್ಕಳೇ ಗುರುಗಳಿಗೆ ಪಾಠ ಮಾಡಬೇಕೇನೋ. ಹಿಂದಿನ ಬೆಂಚಿನವರು ನಗುತ್ತಿದ್ದಾರೆ, ಅವರಿಗೆ ಅರ್ಥವಾಯಿತು.

ಒಂದು ಜಾಗ ಮಾತ್ರ ನನಗೆ ನಗಲು ಆಗಲಿಲ್ಲ. ಅಣಬೆಯ ಮೇಲೆ ಕೂತು ಹುಕ್ಕಾ ಸೇದುವ ಕಂಬಳಿಹುಳ ಆಲಿಸ್‌ನನ್ನು ನೀನು ಯಾರು ಎಂದು ಕೇಳುತ್ತದೆ. ಬೆಳಗಿನಿಂದ ಎಷ್ಟು ಸಲ ಚಿಕ್ಕವಳಾಗಿ, ದೊಡ್ಡವಳಾಗಿ ಬದಲಾಗಿದ್ದಾಳೆಂದರೆ, ಅವಳಿಗೆ ಉತ್ತರ ಹೊಳೆಯುವುದಿಲ್ಲ. ಎಂಟನೇ ತರಗತಿಯಲ್ಲಿ ಹುಳ ಹುಕ್ಕಾ ಸೇದುತ್ತದೆ ಎಂಬುದಷ್ಟೇ ನಮಗೆ ಮಜಾ. ಆದರೆ ಇಲ್ಲಿಂದ ಹೋಗಿ ಎಂಜಿನಿಯರಿಂಗ್ ಕಾಲೇಜಿನ ಮೊದಲ ದಿನ ಕೂತಾಗ, ಒಬ್ಬೊಬ್ಬರೇ ಎದ್ದು ನಿಮ್ಮ ಪರಿಚಯ ಇಂಗ್ಲಿಷ್‌ನಲ್ಲಿ ಹೇಳಿ ಎಂದರು. ನಾನು ಹೆಸರು ಹೇಳಿದೆ, ಬೀದರ್ ಎಂದೆ, ಮುಂದೆ ಬಾಯಿ ಕಟ್ಟಿತು. ಇಲ್ಲಿ ನಾನು ತರಗತಿಗೆ ಎತ್ತರದವನು, ಲೆಕ್ಕದಲ್ಲಿ ಮೊದಲಿಗ. ಅಲ್ಲಿ ಅರ್ಧ ನಿಮಿಷದಲ್ಲಿ ಮೂರಿಂಚು ಆದೆ. ಆ ಇಡೀ ಸೆಮಿಸ್ಟರ್ ಕೊನೆಯ ಬೆಂಚಿನಲ್ಲೇ ಕೂತೆ. ಊರಿಗೆ ಬಂದಾಗ ಅವ್ವ, "ಯಾಕೋ ಸಣ್ಣಾಗೀದಿ" ಎಂದಳು. ಅವಳು ಹೇಳಿದ್ದು ಮೈಯ ಬಗ್ಗೆ.

ಇಂದು ಇಲ್ಲಿ ಕೂತಿರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರಿದ್ದಾರೆ, ಉರ್ದು, ಮರಾಠಿ, ಲಂಬಾಣಿ ಆಡುವವರಿದ್ದಾರೆ. ಮುಂದೆ ಎಲ್ಲರಿಗೂ ಆ ಕಂಬಳಿಹುಳ ಎದುರಾಗುತ್ತದೆ. ನನಗೆ ಆಗ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದೋ ಕೋಚಿಂಗ್ ಅಲ್ಲ, ಶನಿವಾರ ಎದ್ದು ನಿಂತು ಕಥೆ ಹೇಳಿದ್ದು. ಎರಡನೇ ಸೆಮಿಸ್ಟರ್‌ನಲ್ಲಿ ಸೆಮಿನಾರ್ ಕೊಡುವ ದಿನ, ಮೊದಲು ಇಡೀ ವಿಷಯವನ್ನು ಹಾಸ್ಟೆಲ್ ಕೋಣೆಯಲ್ಲಿ ಕನ್ನಡದಲ್ಲಿ ಕಥೆಯಂತೆ ಗೋಡೆಗೆ ಹೇಳಿದೆ. ಆಮೇಲೆ ಇಂಗ್ಲಿಷ್ ತಾನಾಗಿ ಹಿಂದೆ ಬಂತು, ತಪ್ಪುತಡೆಯೊಂದಿಗೆ.

ಇವತ್ತು ಕೆಲವು ಪುಸ್ತಕ ತಂದಿದ್ದೇನೆ. ಆಲಿಸ್‌ನ ಇಂಗ್ಲಿಷ್ ಮೂಲ ಎರಡು ಪ್ರತಿ, ಉಳಿದವು ಕನ್ನಡದ ಮಕ್ಕಳ ಪುಸ್ತಕಗಳು. ಗುರುಗಳಲ್ಲಿ ಒಂದು ವಿನಂತಿ. ಇವುಗಳನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ, ಆದರೆ ಕಳೆದರೆ, ಹರಿದರೆ ಯಾವ ಮಗುವಿಗೂ ದಂಡ ಹಾಕಬೇಡಿ. ನನ್ನ ನಂಬರ್ ಪಟ್ಟಿಯ ಮೇಲೆ ಬರೆದಿದ್ದೇನೆ, ಒಂದು ಫೋನ್ ಮಾಡಿದರೆ ಇನ್ನೊಂದು ಪ್ರತಿ ಬರುತ್ತದೆ. ಶನಿವಾರದ ಕೊನೆಯ ಪೀರಿಯಡ್ ಈಗ ಯಾರ ಪಾಲಿಗಿದೆಯೋ ಅವರ ಜೊತೆ ಊಟದ ಹೊತ್ತಿಗೆ ಮಾತನಾಡುತ್ತೇನೆ. ಹದಿನೈದು ನಿಮಿಷ ದಾಟಿತು, ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ.