ಪೊಲಿ ಯಾರಿಗೆ?



ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ನಾಲ್ಕು ದಿನವಾಯಿತು. ಬಾಗಿಲಿಗೆ ಕಟ್ಟಿದ ಕದಿರು ಇನ್ನೂ ಪೂರ್ತಿ ಒಣಗಿಲ್ಲ. ಆ ರಾತ್ರಿ ಗದ್ದೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಇನ್ನೂ ನನ್ನ ಮನಸ್ಸಿನಿಂದ ಇಳಿದಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ಸಲ ಕಾಫಿಯನ್ನು ಕಣದಿಂದಲೇ ಮಾರಿಬಿಟ್ಟೆ. ಮಗಳ ಕಾಲೇಜು ಫೀಸು, ಕೆಲಸದವರ ಬಟವಾಡೆ, ಕಾಯುವ ಹಾಗಿರಲಿಲ್ಲ. ಪಕ್ಕದ ತೋಟದವರು ಮಾತ್ರ ಗೋದಾಮಿನಲ್ಲಿಟ್ಟು ಕಾದರು. 50 ಕೆ.ಜಿ. ಚೀಲದ ಬೆಲೆ ನಾವು ಕಂಡು ಕೇಳರಿಯದಷ್ಟು ಏರಿತು. ಅವರ ಅಂಗಳಕ್ಕೆ ಹೊಸ ಜೀಪು ಬಂತು. ಅಂದಿನಿಂದ ಆ ಜೀಪು ನಮ್ಮ ಗೇಟಿನ ಮುಂದೆ ಹಾದಾಗಲೆಲ್ಲ ನಾನು ಮನಸ್ಸಿನಲ್ಲೇ ಚೀಲ ಎಣಿಸುತ್ತಿದ್ದೆ. ಮಾರಿ ಮುಗಿದ ಚೀಲಗಳನ್ನು!

ಹುತ್ತರಿಯ ಮುಹೂರ್ತ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ. ಮಳೆ ಕೊಡುವವನು, ಅನ್ನ ಕೊಡುವವನು ಅವನೇ ಎಂದು ನಮ್ಮ ನಂಬಿಕೆ. ರೋಹಿಣಿ ನಕ್ಷತ್ರ ನೋಡಿ, ಎಲೆಗಳ ನೆರೆ ಕಟ್ಟಲು ಇಷ್ಟು ಗಂಟೆ, ಕದಿರು ತೆಗೆಯಲು ಇಷ್ಟು ಗಂಟೆ, ಊಟಕ್ಕೆ ಇಷ್ಟು ಗಂಟೆ ಎಂದು ಗೊತ್ತುಮಾಡುತ್ತಾರೆ. ನೂರು ಎಕರೆಯವರಿಗೂ ಗದ್ದೆಯೇ ಇಲ್ಲದವರಿಗೂ ಹೊತ್ತು ಅದೇ.

ಈ ಸಲ ದೀಪ ಹಿಡಿದು ಗದ್ದೆಗೆ ಇಳಿದಾಗ ಆ ಪಕ್ಕದ ತೋಟದವರೂ ಬಂದರು. ಅವರ ಗದ್ದೆಯಲ್ಲೀಗ ಅಡಿಕೆ. "ಅಣ್ಣಾ, ನಮಗೂ ಒಂದು ಹಿಡಿ ಕದಿರು ಕೊಡಿ" ಎಂದರು. ನಿಜ ಹೇಳುತ್ತೇನೆ, ಆ ಕ್ಷಣ ನನ್ನೊಳಗೆ ಏನೋ ಹಿಗ್ಗಿತು. ನಿಮ್ಮಲ್ಲಿ ಜೀಪಿದೆ, ನನ್ನಲ್ಲಿ ಗದ್ದೆಯಿದೆ, ಎಂದು. ಮರುಕ್ಷಣವೇ ನಾಚಿಕೆಯಾಯಿತು. ಹಿಗ್ಗಿದ್ದು ತೃಪ್ತಿಯಲ್ಲ, ಅದೇ ಹಳೆಯ ಹೊಟ್ಟೆಕಿಚ್ಚು ಮಗ್ಗುಲು ಬದಲಿಸಿತ್ತು, ಅಷ್ಟೆ.

ಅಷ್ಟರಲ್ಲಿ ಕೋವಿಯ ಗುಂಡು ಆಕಾಶಕ್ಕೆ ಹಾರಿತು. ಕುಡುಗೋಲು ಆಡಿತು. ಎಲ್ಲರೂ ಒಟ್ಟಿಗೆ ಕೂಗಿದೆವು: "ಪೊಲಿ ಪೊಲಿ ದೇವಾ!"

ಪೊಲಿ ಎಂದರೆ ಹೆಚ್ಚಲಿ, ಸಮೃದ್ಧಿಯಾಗಲಿ. ಹುಟ್ಟಿದಾಗಿನಿಂದ ಕೂಗಿಕೊಂಡು ಬಂದ ಮಾತು. ಆದರೆ ಅದರಲ್ಲಿ 'ನನಗೆ' ಎಂಬ ಪದವೇ ಇಲ್ಲ ಎನ್ನುವುದು ಅಂದೇ ನನಗೆ ಹೊಳೆದದ್ದು. ಹೆಚ್ಚಲಿ ದೇವರೇ ಎನ್ನುತ್ತೇವೆ, ಯಾರ ಮನೆಯಲ್ಲಿ ಎನ್ನುವುದಿಲ್ಲ. ಆ ಕೂಗಿನಲ್ಲಿ ನನ್ನ ದನಿ ಯಾವುದು, ಅವರ ದನಿ ಯಾವುದು ಎಂದು ಕತ್ತಲಲ್ಲಿ ತಿಳಿಯಲೂ ಇಲ್ಲ.

ಬೇಡುವುದು ತಪ್ಪಲ್ಲ. ಬೇಡದೆ ಬೇಸಾಯಗಾರ ಬದುಕುವುದು ಹೇಗೆ? ಹೂಮಳೆಗೆ ಬೇಡುತ್ತೇವೆ, ಕೊಯ್ಲಿನ ಹೊತ್ತಿಗೆ ಬಿಸಿಲಿಗೆ ಬೇಡುತ್ತೇವೆ. ಆದರೆ ಪಂಕ್ತಿಯಲ್ಲಿ ಕೂತು ಪಕ್ಕದ ಎಲೆಯನ್ನೇ ನೋಡುತ್ತಿದ್ದರೆ ನಮ್ಮ ಎಲೆಯ ಅನ್ನ ಆರುತ್ತದೆ. ನಂಬಿಕೆ ಎಂದರೆ ನನಗೆ ಇಷ್ಟೇ: ಬಡಿಸುವವನಿಗೆ ನನ್ನ ಎಲೆಯೂ ಕಾಣುತ್ತದೆ.

ಅವರಿಗೆ ಕದಿರು ಕೊಟ್ಟೆ. ಒಂದು ಹಿಡಿಯಲ್ಲ, ಎರಡು ಹಿಡಿ. ಮನೆಗೆ ಬಂದು ಪಾಯಸಕ್ಕೆ ಕೂತೆವು. ಆಗಷ್ಟೇ ಕೊಯ್ದ ಕದಿರಿನಿಂದ ಎಷ್ಟು ಅಕ್ಕಿ ಬಂದೀತು? ನಮ್ಮ ಮನೆಯಲ್ಲಿ ನಾಲ್ಕಾರು ಹೊಸ ಕಾಳು ಸುಲಿದು ಹಾಕುತ್ತೇವೆ, ಉಳಿದದ್ದೆಲ್ಲ ಹಳೆಯ ಅಕ್ಕಿ. ಆದರೂ ಅದು ಹೊಸಕ್ಕಿ ಪಾಯಸವೇ. ಆ ಕಾಳು ಯಾರ ಬಟ್ಟಲಿಗೆ ಬಿತ್ತು ಎಂದು ಇಂದಿನವರೆಗೆ ಯಾರೂ ಹುಡುಕಿದ್ದಿಲ್ಲ.

ನಿನ್ನೆ ಬೆಳಿಗ್ಗೆ ಆ ಜೀಪು ಮತ್ತೆ ಗೇಟಿನ ಮುಂದೆ ಹಾದುಹೋಯಿತು. ಅಭ್ಯಾಸಬಲ, ಚೀಲ ಎಣಿಸತೊಡಗಿದೆ. ಆದರೆ ಅರ್ಧಕ್ಕೇ ಬಿಟ್ಟೆ.

ಅಷ್ಟಾದರೂ ಪೊಲಿ.